ನಮ್ಮ ಹುಡುಗಿ ಯಾವ ಕಡೆ?

ಹಾಕಿ ಆಟದಲ್ಲಿ ಒಂದು ಕಡೆಗೆ ಎಷ್ಟು ಜನ ಆಡುತ್ತಾರೆ ಎಂಬುದು ಈ ವರ್ಷದ ಆರಂಭದವರೆಗೂ ನನಗೆ ಗೊತ್ತಿರಲಿಲ್ಲ. ಆದರೂ ಒಬ್ಬ ಹಾಕಿ ಆಟಗಾರ್ತಿಯ ಭವಿಷ್ಯವನ್ನು ನಿರ್ಧರಿಸುವ ಮಂಡಳಿಗೆ ನಾನು ಅಧ್ಯಕ್ಷೆಯಾಗಿದ್ದೆ. ಇದರಲ್ಲಿ ನೀವು ಆಶ್ಚರ್ಯಪಡುವಂಥದ್ದೇನೂ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವವರೆಲ್ಲ ಸಾರು ಮಾಡಲು ಬಲ್ಲವರೇನಲ್ಲ. ಅದರಲ್ಲೂ ಇನ್ನೊಬ್ಬರ ಮಕ್ಕಳು ಮುಂದೆ ಏನಾಗುತ್ತಾರೆಂದು ಹೇಳುವುದಕ್ಕೆ ನಮ್ಮಲ್ಲಿ ಯಾವ ಅರ್ಹತೆಯೂ ಬೇಕಾಗಿಲ್ಲ, ಒಂದು ಕಪ್ ಚಹಾ ಸಾಕು.

ಆಟಗಾರ್ತಿ ಬೇರೆ ಯಾರೂ ಅಲ್ಲ, ನನ್ನ ತಮ್ಮನ ಮಗಳು ಅಶ್ವಿನಿ. ತಮ್ಮನದು ವಿಜಯಪುರದಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಮಗಳು ಪುಣೆಯಲ್ಲಿ ಬಿ.ಕಾಂ. ಓದಲಿ ಎಂದು ವಿಮಾನ ನಗರದ ನಮ್ಮ ಮನೆಯಲ್ಲಿ ತಂದು ಬಿಟ್ಟಿದ್ದ. ಅವಳು ಓದಿದಳು, ಜೊತೆಗೆ ಕಾಲೇಜಿನ ಹಾಕಿ ತಂಡದ ಗೋಲ್‌ಕೀಪರ್ ಕೂಡ ಆದಳು. ನನಗೆ ಈ ಸಂಗತಿ ತಿಳಿದದ್ದು ಒಗೆಯುವ ಬಟ್ಟೆಯಿಂದ. ಒಂದು ಹಳದಿ ಜೆರ್ಸಿ ಮೇಲಿಂದ ಮೇಲೆ ನಮ್ಮ ಬಾಲ್ಕನಿಯ ತಂತಿಗೆ ಬರುತ್ತಿತ್ತು. ಹಾಕಿಯ ಬಗ್ಗೆ ನನಗಿದ್ದ ಜ್ಞಾನವೆಲ್ಲ ಆ ಜೆರ್ಸಿಯಷ್ಟೇ ಎಂಬುದನ್ನು ನೀವು ದಯವಿಟ್ಟು ನೆನಪಿಡಬೇಕು.

ಕೊನೆಯ ವರ್ಷ ಅವಳಿಗೆ ಎರಡು ಕರೆಗಳು ಒಟ್ಟಿಗೇ ಬಂದವು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಆಫೀಸಿನಲ್ಲಿ ಕೆಲಸ ಒಂದು. ಇನ್ನೊಂದು, ದೂರದ ಊರಿನ ಹಾಕಿ ಅಕಾಡೆಮಿಯದು. ಅಲ್ಲಿ ಎರಡು ವರ್ಷ ಇದ್ದು ಕಲಿಯಬೇಕು. ಆಮೇಲೆ ಯಾವುದಾದರೂ ದೊಡ್ಡ ತಂಡ ತೆಗೆದುಕೊಂಡರೆ ಆಟವೇ ಬದುಕು, ತೆಗೆದುಕೊಳ್ಳದಿದ್ದರೆ ಎರಡು ವರ್ಷ ಹೋದಹಾಗೇ. ಸೋಮವಾರದೊಳಗೆ ಎರಡೂ ಕಡೆಗೆ ಉತ್ತರ ಹೇಳಬೇಕಿತ್ತು. ತಮ್ಮ ಫೋನ್ ಮಾಡಿದ.

"ಅಕ್ಕಾ, ನಾ ಇಲ್ಲಿ ಪಾತೇಲಿ ಮಾರಾಂವ, ನನಗೇನ ತಿಳೀತದ? ನೀ ಪುಣೇದಾಗ ಇರಾಕಿ. ಹುಡುಗಿ ಆಟದಾಗ ಮುಂದ ಬರ್ತಾಳಂದ್ರ ಕಳಸೋಣ. ಇಲ್ಲಂದ್ರ ಸುಮ್ಮನ ನೌಕರಿ ಮಾಡ್ಲಿ. ರವಿವಾರ ಸಂಜಿಕ ಹೇಳು."

ಅಶ್ವಿನಿಯನ್ನು ಕೇಳಿದೆ. "ನನಗ ಹೋಗಬೇಕು ಅನಸ್ತದ ಅತ್ತಿ. ಆದ್ರ ಅಪ್ಪಾ ಬ್ಯಾಡ ಅಂದ್ರ ನಾ ಹಟಾ ಮಾಡೂದಿಲ್ಲ" ಎಂದು ತಲೆ ತಗ್ಗಿಸಿ ಬಟಾಣಿ ಸುಲಿಯುತ್ತ ಕೂತಳು. ಹಟ ಮಾಡುವ ಹುಡುಗಿಯಾಗಿದ್ದರೆ ನನ್ನ ಭಾರ ಎಷ್ಟೋ ಕಡಿಮೆಯಾಗುತ್ತಿತ್ತು.

ಹೀಗೆ ಶನಿವಾರ ಸಂಜೆ, ಚುರುಮುರಿ ಗಿರಮಿಟ್ಟಿನ ಬುಟ್ಟಿಯ ಸುತ್ತ ಮಂಡಳಿ ಸೇರಿತು. ನಮ್ಮ ಯಜಮಾನರಿದ್ದರು. ಅವರಿಗೆ ಜಗತ್ತಿನಲ್ಲಿ ಇರುವ ಆಟ ಒಂದೇ, ಅದು ಕ್ರಿಕೆಟ್. ಕೆಳಗಿನ ಮನೆಯ ಪಾಟೀಲ ಕಾಕಾ ಬಂದರು. ಅಥಣಿ ಕಡೆಯವರು, ಮೋಟಾರ್ ಬಿಡಿಭಾಗಗಳ ವ್ಯಾಪಾರ, ಮನೆದೇವರು ಮೈಲಾರಲಿಂಗ. ಹುಣ್ಣಿಮೆ ಬಂತೆಂದರೆ ಜೇಜುರಿಗೆ ಹೋಗಿ, ಅಲ್ಲಿ ಖಂಡೋಬಾ ಎನ್ನಿಸಿಕೊಳ್ಳುವ ಅದೇ ದೇವರ ಭಂಡಾರದ ಅರಿಶಿನ ತರುತ್ತಾರೆ. ಮೂರನೆಯವನು ಮೇಲಿನ ಮಹಡಿಯ ಕಾರ್ತಿಕ್, ಮೈಸೂರಿನ ಹುಡುಗ, ಐಟಿ ಕಂಪನಿಯವನು.

"ಆಂಟಿ, ಫಾರ್ವರ್ಡ್ ಆಗಿದ್ರೆ ಟೀಮಲ್ಲಿ ನಾಲ್ಕೈದು ಚಾನ್ಸ್ ಇರುತ್ತೆ. ಗೋಲ್‌ಕೀಪರ್‌ಗೆ ಇರೋದು ಒಂದೇ ಜಾಗ. ರಿಸ್ಕ್ ಜಾಸ್ತಿ" ಎಂದ ಕಾರ್ತಿಕ್.

"ಕೀಪರ್ ಅಂದಮ್ಯಾಲೆ ಬ್ಯಾಟಿಂಗೂ ಬರಬೇಕಪಾ" ಎಂದರು ನಮ್ಮವರು. ಹಾಕಿಯಲ್ಲಿ ಬ್ಯಾಟಿಂಗ್ ಇರುವುದಿಲ್ಲ ಎಂದು ಕಾರ್ತಿಕ್ ವಿನಯದಿಂದ ತಿಳಿಸುವಷ್ಟರಲ್ಲಿ ತಲೆಯ ಮೇಲೆ ವಿಮಾನ ಹೋಯಿತು. ನಮ್ಮ ಬಡಾವಣೆಯ ಒಂದು ಅನುಕೂಲವೆಂದರೆ ಇದು. ವಾದದಲ್ಲಿ ಸೋಲುತ್ತಿದ್ದೇವೆ ಅನ್ನಿಸಿದಾಗ ಒಂದು ವಿಮಾನ ಬರುತ್ತದೆ, ಅದು ದಾಟುವವರೆಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರಲ್ಲ. ಅಶ್ವಿನಿಯ ಮೊಳಕೆಯನ್ನು ನಾವು ಅವಳ ಮೊದಲ ಹುಟ್ಟುಹಬ್ಬದಂದೇ ಪರೀಕ್ಷಿಸಿದ್ದೆವು. ಪುಸ್ತಕ, ಪೆನ್ನು, ಬಂಗಾರದ ಬಳೆ, ಒಂದು ಬಟ್ಟಲು ಅಕ್ಕಿ ಎಲ್ಲ ಇಟ್ಟು, ಯಾವುದನ್ನು ಹಿಡಿಯುತ್ತಾಳೋ ನೋಡೋಣ ಎಂದು ಕೂಸನ್ನು ನಡುವೆ ಬಿಟ್ಟೆವು. ಅವಳು ಅಷ್ಟನ್ನೂ ದಾಟಿ ಅಂಬೆಗಾಲಿಕ್ಕಿ ಹೋಗಿ, ಹೋಳಿಗೆ ಲಟ್ಟಿಸಿ ಬದಿಗಿಟ್ಟಿದ್ದ ಲಟ್ಟಣಿಗೆಯನ್ನು ಹಿಡಿದಳು. ಅಡುಗೆಯಲ್ಲಿ ದೊಡ್ಡ ಜಾಣೆಯಾಗುತ್ತಾಳೆ ಎಂದು ನಮ್ಮವ್ವ ಸಾರಿದಳು. ಇವತ್ತಿಗೂ ಅಶ್ವಿನಿಯ ಚಪಾತಿಯನ್ನು ನಮ್ಮವರು ಚಹಾದಲ್ಲಿ ನೆನೆಸಿಯೇ ತಿನ್ನುವುದು. ನಾನು ಇದನ್ನು ಹೇಳಿದರೆ ಪಾಟೀಲ ಕಾಕಾ ಮೊಳಕಾಲು ತಟ್ಟಿಕೊಂಡರು.

"ಲಟ್ಟಣಿಗಿ ಅಂದ್ರೂ ಕಟಿಗಿ, ಹಾಕಿ ಸ್ಟಿಕ್ ಅಂದ್ರೂ ಕಟಿಗಿ. ದೇವ್ರು ಅವತ್ತೇ ಹೇಳಿದ್ದ ತಂಗಿ, ನಿಮಗ ತಿಳೀಲಿಲ್ಲ."

ಭವಿಷ್ಯದ ಸುಖ ಇರುವುದೇ ಇಲ್ಲಿ. ಅದು ಎಂದೂ ಸುಳ್ಳಾಗುವುದಿಲ್ಲ, ಅರ್ಥ ಮಾತ್ರ ಬದಲಾಗುತ್ತದೆ.

ಗಿರಮಿಟ್ಟು ಮುಗಿದ ಮೇಲೆ ಯಾರಿಗೋ ಹೊಳೆಯಿತು, ಅವಳ ಆಟವನ್ನು ನಮ್ಮಲ್ಲಿ ಒಬ್ಬರೂ ನೋಡಿಲ್ಲ ಎಂದು. ಗೋಲ್‌ಕೀಪರನ್ನು ಯಾರು ನೋಡುತ್ತಾರೆ ಹೇಳಿ. ಗುಡಿಯ ಬಾಗಿಲಲ್ಲಿ ದ್ವಾರಪಾಲಕರು ಗದೆ ಹಿಡಿದು ನಿಂತಿರುತ್ತಾರೆ. ಶಿಲ್ಪಿ ಅವರಿಗೆ ಒಡವೆ, ಕಿರೀಟ, ಕೋರೆಹಲ್ಲು ಎಲ್ಲ ಕೊಟ್ಟಿರುತ್ತಾನೆ. ನಾವು ಅವರ ಮುಂದೆ ಚಪ್ಪಲಿಯ ಚಿಂತೆ ಮಾಡುತ್ತ ಒಳಗೆ ಹೋಗುತ್ತೇವೆ. ಮರುದಿನ ಪಿಂಪ್ರಿಯಲ್ಲಿ ಅಶ್ವಿನಿಯ ಪಂದ್ಯವಿತ್ತು. ಅವಳಿಗೆ ಹೇಳದೆ ಹೋಗಿ ಪರೀಕ್ಷಿಸುವುದೆಂದು ಮಂಡಳಿ ತೀರ್ಮಾನಿಸಿತು.

ಕಾರ್ತಿಕನ ಕಾರಿನಲ್ಲಿ ನಾವು ತಲುಪಿದಾಗ ಆಟ ಶುರುವಾಗಿತ್ತು. ನೀಲಿ ಮೈದಾನದ ಮೇಲೆ ಒಂದು ತಂಡ ಕೆಂಪು, ಒಂದು ತಂಡ ಹಳದಿ. "ಹಳದೀದು ನಮ್ಮದು" ಎಂದೆ ನಾನು, ಅಧಿಕಾರವಾಣಿಯಿಂದ. ಎರಡೂವರೆ ವರ್ಷ ಒಗೆದು ಒಣಗಿಸಿದವಳ ಮಾತನ್ನು ಯಾರು ಅಲ್ಲಗಳೆಯುತ್ತಾರೆ? "ಖಂಡೋಬಾನ ಬಣ್ಣ" ಎಂದು ಕಾಕಾ ಕಿಸೆಯಿಂದ ಭಂಡಾರದ ಪೊಟ್ಟಣ ತೆಗೆದು ನಮ್ಮೆಲ್ಲರ ಹಣೆಗೆ ಹಚ್ಚಿದರು. ಕೆಂಪಿನವರು ಯಾವ ಗೋಲಿನ ಕಡೆ ನುಗ್ಗುತ್ತಿದ್ದಾರೋ ಅಲ್ಲಿ ನಿಂತವಳೇ ಅಶ್ವಿನಿ ಎಂದು ಕಾರ್ತಿಕ್ ತೋರಿಸಿದ. ಹೆಲ್ಮೆಟ್ಟು, ಅದಕ್ಕೊಂದು ಜಾಲರಿ, ಕಾಲಿಗೆ ದಿಂಬಿನಂಥ ಪ್ಯಾಡುಗಳು. ಮುಖ ಕಾಣುವ ಮಾತೇ ಇಲ್ಲ. ಆದರೂ "ನಿಂತಿರೋ ರೀತಿ ಥೇಟ್ ನಮ್ಮ ತಮ್ಮಂದು" ಎಂದು ನಾನು ಹೇಳಿದೆ.

ಪಾಪ, ಅವಳ ಮೇಲೆ ಚೆಂಡುಗಳು ಒಂದರ ಹಿಂದೊಂದು ಬಂದವು. ಅರ್ಧ ಆಟ ಮುಗಿಯುವುದರೊಳಗೆ ಎರಡು ಗೋಲಾದವು. ತಂಡಗಳು ದಿಕ್ಕು ಬದಲಿಸಿದಾಗ ನಾವೂ ಎದ್ದು, ಬಿಸಿಲಿನಲ್ಲಿ ಮೈದಾನ ಸುತ್ತಿ ಅವಳ ಹಿಂದೆಯೇ ಹೋಗಿ ಕೂತೆವು. ಅಲ್ಲಿ ಇನ್ನೊಂದು ಗೋಲು. ಕಾಕಾ ಭಂಡಾರದ ಪೊಟ್ಟಣ ಮಡಚಿ ಕಿಸೆಗೆ ಹಾಕಿದರು. ನಮ್ಮವರು "ಕೈ ಚುರುಕಿಲ್ಲ" ಎಂದರು. ಅಷ್ಟರಲ್ಲಿ ತಮ್ಮನ ಫೋನ್ ಬಂತು. ಸಂಜೆಯವರೆಗೆ ಅವನಿಗೆ ತಡೆಯಲಾಗಿರಲಿಲ್ಲ. ಬಟಾಣಿ ಸುಲಿಯುತ್ತಿದ್ದ ಆ ತಗ್ಗಿದ ತಲೆ ಕಣ್ಣ ಮುಂದೆ ಬಂತು. ಆದರೂ ಹೇಳಿದೆ: "ಆಕೀ ಕೈಲೆ ಆಗೂದಿಲ್ಲ ಅನಸ್ತದ ತಮ್ಮಾ. ನೌಕರೀನ ಮಾಡ್ಲಿ ಬಿಡು."

ಆಟ ಮುಗಿಯಿತು. ನಮ್ಮ ಮುಂದಿದ್ದ ಗೋಲ್‌ಕೀಪರ್ ಹೆಲ್ಮೆಟ್ ತೆಗೆದಳು. ಒಳಗಿನಿಂದ ಬೇರೆ ಯಾರದೋ ಮಗಳು ಹೊರಬಂದಳು.

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೈದಾನದ ಆ ತುದಿಯಿಂದ ಅಶ್ವಿನಿ ಪ್ಯಾಡು ಎಳೆದುಕೊಂಡು ಬಂದಳು. "ಅತ್ತಿ, ನೀವೆಲ್ಲಾ ಯಾವಾಗ ಬಂದ್ರಿ? ಈ ಕಡೆ ಯಾಕ ಕೂತೀರಿ?" ಹಳದಿಯದು ಅಭ್ಯಾಸದ ಜೆರ್ಸಿಯಂತೆ. ಪಂದ್ಯದ ಬಟ್ಟೆ ಕಾಲೇಜಿನಲ್ಲೇ ಇರುತ್ತದಂತೆ. ಅಂದರೆ ಕೆಂಪು ತಂಡ ನಮ್ಮದು, ಗೆದ್ದವರು ನಾವೇ. ಹಣೆ ತುಂಬ ಭಂಡಾರ ಹಚ್ಚಿಕೊಂಡು ಕೂತು ಸೋತವರೂ ನಾವೇ.

ಅವಳು ನಗುತ್ತ ಹೋಗಿ ಆ ಹಳದಿ ತಂಡದ ಹುಡುಗಿಯನ್ನು, ಪ್ಯಾಡುಗಳು ಅಡ್ಡ ಬಂದರೂ, ತಬ್ಬಿಕೊಂಡು ನಮ್ಮ ಹತ್ತಿರ ಕರೆತಂದಳು. "ಇವತ್ತ ಎಲ್ಲಾರಕಿಂತ ಚಲೋ ಆಡಿದಾಕಿ ಈಕೀನ ಅತ್ತಿ. ಎಷ್ಟ ಬಾಲ್ ತಡದಳು ನೋಡಿದ್ರಿಲ್ಲ? ಬ್ಯಾರೆ ಯಾರರೆ ಇದ್ದಿದ್ರ ನಾವು ಹತ್ತ ಗೋಲ್ ಹೊಡೀತಿದ್ವಿ."

"ನೋಡಿದ್ವಿ, ನೋಡಿದ್ವಿ" ಎಂದರು ಪಾಟೀಲ ಕಾಕಾ, ಮುಖ ಆಚೆ ತಿರುಗಿಸಿ. ಒಂದು ತಾಸು ಅವಳನ್ನೇ ದಿಟ್ಟಿಸಿದ್ದೆವು. ಒಳಗೆ ಹೋದ ಮೂರು ಚೆಂಡು ಬಿಟ್ಟರೆ ನಮಗೆ ಏನೂ ಕಂಡಿರಲಿಲ್ಲ.

"ಮತ್ತ ನೀ ಹೆಂಗ ಆಡಿದಿ?" ಎಂದು ಕೇಳಿದೆ. "ನನ್ನ ಕಡೆ ಬಾಲ್ ಬಂದರ ಅಲ್ಲ ಆಡೂದು?" ಎಂದಳು.

ಫೋನ್ ತೆಗೆದೆ. "ತಮ್ಮಾ, ಆಗ ಹೇಳಿದ್ದು ಮರತಬಿಡು. ನಾ ನೋಡಿದ್ದು ಬ್ಯಾರೆಯವರ ಹುಡುಗೀನ್ನ."

"ಹಂಗಾರ ನಮ್ಮಾಕಿ?"

"ನೋಡಿಲ್ಲ."

"ಮತ್ತ ಈಗೇನ ಮಾಡೂದಕ್ಕಾ?"

"ಕಳಸು" ಎಂದೆ. "ಎರಡ ವರ್ಷ ಆಕಿ ಆಡೂದು ಕಲೀಲಿ. ಅಷ್ಟ್ರಾಗ ನಾವು ನೋಡೂದು ಕಲೀತೀವಿ."

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಅಲ್ಲಿ ಊಟಕ್ಕ ರೊಟ್ಟಿ ಸಿಗತಾವೇನು?" ಎಂದು ಕೇಳಿದ. ನಮ್ಮ ಮನೆತನದಲ್ಲಿ ಒಪ್ಪಿಗೆ ಕೊಡುವುದು ಹೀಗೆಯೇ. ಪಕ್ಕದಲ್ಲಿ ನಿಂತಿದ್ದ ಅಶ್ವಿನಿಗೆ ಅದು ಕೇಳಿಸಿತು. ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡು ಆ ಕಡೆ ತಿರುಗಿದಳು. ಜಾಲರಿಯ ಹಿಂದೆ ಅತ್ತಳೋ ನಕ್ಕಳೋ ನಾನು ಕೇಳಲಿಲ್ಲ.

ಅವಳು ಹೋಗಿ ಈಗ ಕೆಲವು ತಿಂಗಳಾದವು. ಮುಂದೆ ಬರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಇಷ್ಟು ಹಗುರವಾದ ಮಾತು ಎಂದು ಮೊದಲೇ ತಿಳಿದಿದ್ದರೆ ಎಷ್ಟು ಚಹಾ ಉಳಿಯುತ್ತಿತ್ತೋ. ಹೋದ ರವಿವಾರ ಮಂಡಳಿ ಮತ್ತೆ ಪಿಂಪ್ರಿಗೆ ಹೋಗಿತ್ತು, ಆ ಹಳದಿ ತಂಡದ ಹುಡುಗಿಯ ಆಟ ನೋಡಲು. ಈ ಸಲ ಒಳಗೆ ಹೋಗದ ಚೆಂಡುಗಳನ್ನು ಎಣಿಸೋಣ ಎಂದುಕೊಂಡೆವು. ಸ್ವಲ್ಪ ಹೊತ್ತಿಗೇ ಲೆಕ್ಕ ತಪ್ಪಿತು. "ಈ ಹುಡುಗಿ ಮುಂದ..." ಎಂದು ನಮ್ಮವರು ಶುರುಮಾಡಿದರು. ನಾನು ಅವರ ಕೈಗೆ ಶೇಂಗಾದ ಪೊಟ್ಟಣ ಕೊಟ್ಟು, "ಮೊದಲ ಆಟಾ ನೋಡ್ರಿ" ಎಂದೆ.