ಓದುವ ದನಿ ತಡೆದ ಹನ್ನೊಂದು ಕಡೆ

ಬೆಳಗಿನ ಐದೂವರೆ. ವಿದ್ಯಾರಣ್ಯಪುರಂನ ಅಡ್ಡರಸ್ತೆಯೊಂದರ ಮಹಡಿ ಕೋಣೆಯಲ್ಲಿ ಮೂವರಿದ್ದಾರೆ. ದೀಪ ಉರಿಯುತ್ತಿರುವುದು ಇಬ್ಬರಿಗಾಗಿ. ಮೂರನೆಯವರಾದ ಬಸಮ್ಮನಿಗೆ ಅದು ಬೇಕಿಲ್ಲ. ಸೋಪು ಹಾಕಿ ತೊಳೆದ ಕೈಗಳನ್ನು ಸೆರಗಿಗೆ ಒರೆಸದೆ ಗಾಳಿಗೇ ಒಣಗಿಸಿಕೊಂಡು, ದಪ್ಪ ಹಾಳೆಯ ಮೇಲೆ ಎರಡೂ ತೋರುಬೆರಳುಗಳನ್ನು ಇಟ್ಟು ಕೂತಿದ್ದಾರೆ. ಎದುರಿಗೆ ಸುಷ್ಮಾ ಅಚ್ಚಾದ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಬಸಮ್ಮನ ಬೆರಳು ಬ್ರೈಲ್ ಚುಕ್ಕಿಗಳ ಮೇಲೆ ಅದೇ ವೇಗದಲ್ಲಿ ಸರಿಯುತ್ತದೆ. ದನಿ ಒಂದು ಹೇಳಿ ಬೆರಳಿಗೆ ಇನ್ನೊಂದು ಸಿಕ್ಕರೆ ಅಲ್ಲಿ ತಪ್ಪಿದೆ ಎಂದರ್ಥ.

ಇಂದಿನ ಪಟ್ಟಿ ಕೇಂದ್ರದ ಹೊಸ ಸಮ್ಮಿಶ್ರ ಸರ್ಕಾರದ್ದು. ಪ್ರಧಾನಿ ಸೇರಿ ಎಪ್ಪತ್ತೆರಡು ಮಂದಿ. ಮೊದಲು ಸಂಪುಟ ದರ್ಜೆಯವರು, ಆಮೇಲೆ ಸ್ವತಂತ್ರ ಹೊಣೆಯ ರಾಜ್ಯ ಸಚಿವರು, ಕೊನೆಗೆ ಉಳಿದ ರಾಜ್ಯ ಸಚಿವರು. ಭಾನುವಾರ ನೇಮಕಾತಿ ಪರೀಕ್ಷೆ. ಕೊಳ್ಳೇಗಾಲದಲ್ಲಿ ತರಬೇತಿ ಪಡೆಯುತ್ತಿರುವ ಹದಿನೆಂಟು ಅಂಧ ಅಭ್ಯರ್ಥಿಗಳಿಗೆ ಈ ಸಣ್ಣ ಟ್ರಸ್ಟು ಕೈಪಿಡಿ ಮಾಡಿಕೊಡುತ್ತದೆ. ಖಾತೆ ಹಂಚಿಕೆಗೆ ಕಾದು ಉಳಿದದ್ದು ಇದೊಂದೇ ಅಧ್ಯಾಯ, ಮೂರು ಹಾಳೆ. ಅಲ್ಲಿ ಇವತ್ತೇ ಕೊನೆಯ ತರಗತಿ, ಮಧ್ಯಾಹ್ನಕ್ಕೆ ಎಲ್ಲರೂ ತಮ್ಮ ತಮ್ಮ ಊರು ಸೇರುತ್ತಾರೆ. ಕಟ್ಟು ಒಯ್ಯಲು ಒಪ್ಪಿರುವ ಕಂಡಕ್ಟರ್ ಇರುವುದು ಏಳೂವರೆಯ ಬಸ್ಸಿನಲ್ಲಿ.

ಚುಕ್ಕಿ ಒತ್ತುವ ಹಳೆಯ ಯಂತ್ರದ ಪಕ್ಕ ಪ್ರಸಾದ್ ನಿಂತಿದ್ದಾರೆ. ಅದು ನಿಮಿಷಕ್ಕೆ ಎರಡು ಹಾಳೆಯಷ್ಟೇ ಒತ್ತುತ್ತದೆ. ಪಟ್ಟಿಯನ್ನು ಬ್ರೈಲಿಗೆ ಟೈಪು ಮಾಡಿದವರೂ ಅವರೇ.

ಪಟ್ಟಿ ಮುಗಿಯಿತು. ಒಂದು ಅಕ್ಷರವೂ ತಪ್ಪಿಲ್ಲ. ಪ್ರಸಾದ್ ಕೈ ಸ್ವಿಚ್ಚಿಗೆ ಹೋಯಿತು. ಬಸಮ್ಮ ಮಾತ್ರ ಹಾಳೆಯಿಂದ ಬೆರಳು ಎತ್ತಲಿಲ್ಲ.

“ಸುಷ್ಮಾ, ಓದ್ತಾ ಓದ್ತಾ ಹನ್ನೊಂದು ಕಡೆ ನಿಂತ್ಕೊಂಡೆಯಲ್ಲ, ಯಾಕೆ?”

“ನಿಂತ್ಕೊಂಡ್ನಾ?” ಸುಷ್ಮಾ ಪಟ್ಟಿಯತ್ತ ನೋಡಿದರು. “ಏನಿಲ್ಲ ಅಕ್ಕ. ಆ ಹೆಸ್ರುಗಳು ಬೇರೆ ಬೇರೆ ಬಣ್ಣದಲ್ಲಿ ಅವೆ. ಕಣ್ಣು ಅಲ್ಲಿ ಒಂಚೂರು ಹಿಡ್ಕೊಳ್ತದೆ.”

“ಬಣ್ಣ ಯಾತಕ್ಕೆ?”

“ಒಂದೊಂದು ಪಕ್ಷಕ್ಕೆ ಒಂದೊಂದು. ಮಿತ್ರಪಕ್ಷದೋರು ಅಂತ ಗೊತ್ತಾಗ್ಲಿ ಅಂತ.”

ಯಾರು ಯಾವ ಪಕ್ಷದವರೆಂದು ಆ ಪಟ್ಟಿ ಅಕ್ಷರದಲ್ಲಿ ಎಲ್ಲಿಯೂ ಹೇಳಿಲ್ಲ. ಪ್ರಸಾದ್ ಅಕ್ಷರಗಳನ್ನು ಟೈಪು ಮಾಡಿದ್ದರು, ಸುಷ್ಮಾ ಅಕ್ಷರಗಳನ್ನು ಓದಿದ್ದರು. ಬಣ್ಣ ಇಬ್ಬರ ಕಣ್ಣಿಗೂ ಬಿದ್ದಿತ್ತು, ಬಾಯಿಗೆ ಬಂದಿರಲಿಲ್ಲ.

“ಬುಡಿ ಅಕ್ಕ,” ಎಂದರು ಪ್ರಸಾದ್. “ಯಾರಿಗೆ ಯಾವ ಖಾತೆ ಅನ್ನೋದು ಅದೆಯಲ್ಲ, ಸಾಕು. ಈಗ ಮಿಷನ್ ಹಾಕ್ದಿದ್ರೆ ಬಸ್ಸು ಹೋಗ್ಬುಡ್ತದೆ.”

ಬಸಮ್ಮ ಮೂರನೆಯ ಹಾಳೆ ಎಳೆದುಕೊಂಡು ಪಟ್ಟಿಯ ಕೆಳಗಿನ ಅಭ್ಯಾಸ ಪ್ರಶ್ನೆಗಳಲ್ಲಿ ಒಂದರ ಮೇಲೆ ಬೆರಳಿಟ್ಟರು. “ಹದಿನಾಲ್ಕನೇ ಪ್ರಶ್ನೆ. ಮಿತ್ರಪಕ್ಷಗಳಿಂದ ಸಂಪುಟ ದರ್ಜೆ ಪಡೆದವರೆಷ್ಟು? ಉತ್ತರಕ್ಕೆ ಮೇಲಿನ ಪಟ್ಟಿ ನೋಡಿ ಅಂತ ನೀನೇ ಒತ್ತಿದ್ದೀಯಲ್ಲಪ್ಪ. ಎಲ್ಲಿ ನೋಡ್ಲಿ?”

ಬಸಮ್ಮನಿಗೆ ಐವತ್ತನಾಲ್ಕು ವರ್ಷ. ನಂಜನಗೂಡಿನ ಕಡೆಯವರು. ನಾಲ್ಕನೆಯ ವಯಸ್ಸಿನ ಜ್ವರದಲ್ಲಿ ಕಣ್ಣು ಹೋಯಿತು. ಕರಡು ತಿದ್ದುವ ಈ ಕೆಲಸಕ್ಕೆ ಬಂದು ಇಪ್ಪತ್ತಾರು ವರ್ಷ. ದಿನಕ್ಕೆ ಮೂವತ್ತು ಹಾಳೆ. ಬೆಳಿಗ್ಗೆ ಪಾತ್ರೆ ತಿಕ್ಕುವುದಿಲ್ಲ, ಬಿಸಿ ಮುಟ್ಟುವುದಿಲ್ಲ. “ಬೆರಳು ಒರಟಾದ್ರೆ ನಾನು ಇನ್ನೊಂದ್ಸಲ ಕುರುಡಿ ಆಯ್ತೀನಿ” ಎಂದು ನಗುತ್ತಾರೆ. ಮೊದಮೊದಲು, ಕಣ್ಣಿಲ್ಲದವರು ಕಣ್ಣಿದ್ದವರ ತಪ್ಪು ಹಿಡಿಯುವುದೇ ಎಂದು ಇಲ್ಲೇ ಹಂಗಿಸಿದವರಿದ್ದರು. ಹಿಂದೊಮ್ಮೆ ರಾಜ್ಯ ಸಚಿವರೊಬ್ಬರ ಹೆಸರು ಸಂಪುಟ ದರ್ಜೆಯವರ ಸಾಲಿಗೆ ಸೇರಿದ್ದು ಬಸಮ್ಮನ ಬೆರಳಿಗೆ ಸಿಗದೆ ಹೋಯಿತು. ಆ ಕೈಪಿಡಿ ಓದಿ ಪರೀಕ್ಷೆ ಬರೆದವರೊಬ್ಬರಿಗೆ ಕೆಲಸ ತಪ್ಪಿದ್ದು ಒಂದೇ ಅಂಕದಲ್ಲಿ. ಅವರು ಫೋನು ಮಾಡಿದ್ದರು. ಏನೆಂದರು ಎಂದು ಕೇಳಿದರೆ ಬಸಮ್ಮ ಹಾಳೆಗಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡುತ್ತಾ ಕೂರುತ್ತಾರೆ.

ಆರು ಗಂಟೆಗೆ ಕೊಳ್ಳೇಗಾಲದಿಂದ ದಿವ್ಯ ಅವರ ಕರೆ. ಹದಿನೆಂಟು ಮಂದಿಯಲ್ಲಿ ಒಬ್ಬರು. ವಯೋಮಿತಿಯ ಲೆಕ್ಕದಲ್ಲಿ ಅವರಿಗೆ ಇದೇ ಕೊನೆಯ ಪರೀಕ್ಷೆ.

“ಅಕ್ಕ, ಪುಸ್ತಕ ಹೊರಡ್ತಾ?”

“ಇನ್ನೂ ಇಲ್ಲ ಕಣಮ್ಮ. ಮಂತ್ರಿಗಳಲ್ಲಿ ಮಿತ್ರಪಕ್ಷದೋರು ಯಾರ್ಯಾರು, ಹೇಳು ನೋಡಾಣ.”

“ಟಿವಿಲಿ ಕೇಳ್ದೆ. ಎಲ್ಲಾ ಕಲಸೋಗದೆ. ನಿಮ್ಮ ಪಟ್ಟೀಲಿ ಇರ್ತದಲ್ಲ ಅಂತ ಬುಟ್ಬುಟ್ಟೆ.”

ಬಸಮ್ಮ ಫೋನು ಇಟ್ಟರು. “ಪ್ರಸಾದು, ಟೈಪಿಗೆ ಕೂತ್ಕೊ. ಹನ್ನೊಂದು ಹೆಸ್ರಿನ ಮುಂದೂ ಪಕ್ಷದ ಹೆಸ್ರು ಹಾಕು. ಮಿಕ್ಕೋರೆಲ್ಲ ಪ್ರಧಾನಿ ಪಕ್ಷದೋರು ಅಂತ ತಲೆಮೇಲೆ ಒಂದು ಸಾಲು ಬರಿ.”

“ಡೆಲ್ಲೀಲಿ ಖಾತೆ ಹಂಚೋಕೂ ಇಷ್ಟು ಹೊತ್ತಾಗ್ಲಿಲ್ಲ,” ಎಂದು ಗೊಣಗುತ್ತಲೇ ಪ್ರಸಾದ್ ಕೂತರು.

“ಅಲ್ಲಿ ತಪ್ಪಾದ್ರೆ ಮುಂದಿನ ತಿಂಗ್ಳು ಬದಲಾಯಿಸ್ಕೊತಾರೆ ಕಣಪ್ಪ. ಇಲ್ಲಿ ಭಾನುವಾರ ಬಂದ್ಬುಡ್ತದೆ.”

ಆರು ಇಪ್ಪತ್ತಕ್ಕೆ ಹೊಸ ಕರಡು. ಸುಷ್ಮಾ ಮತ್ತೆ ಓದುತ್ತಾರೆ, ಈ ಸಲ ಬಣ್ಣವನ್ನೂ ಸೇರಿಸಿ. ಎರಡನೆಯ ಹಾಳೆಯಲ್ಲಿ ಬೆರಳು ನಿಲ್ಲುತ್ತದೆ. ಒಂದು ಪಕ್ಷದ ಹೆಸರು ಪಕ್ಕದ ಸಾಲಿನವರಿಗೆ ಹೋಗಿದೆ. ಪ್ರಸಾದ್ ಅದನ್ನು ತಿದ್ದುತ್ತಾರೆ. ಯಂತ್ರ ಶುರುವಾದಾಗ ಆರು ನಲವತ್ತೈದು. ಹದಿನೆಂಟು ಪ್ರತಿ, ಒಟ್ಟು ಐವತ್ತನಾಲ್ಕು ಹಾಳೆ. ಅದರ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಬಸಮ್ಮ ಹಾಳೆಗಳನ್ನು ಸವರಿ ಸವರಿ ಜೋಡಿಸುತ್ತಾರೆ. ಏಳು ಹದಿನೈದಕ್ಕೆ ಕಟ್ಟು ಹಿಡಿದ ಪ್ರಸಾದ್ ಮೆಟ್ಟಿಲಿಳಿದು ಆಟೋ ಹತ್ತುತ್ತಾರೆ. ಏಳೂವರೆ ಕಳೆದು ಹತ್ತು ನಿಮಿಷವಾದರೂ ಅವರ ಸುದ್ದಿಯಿಲ್ಲ. ಸುಷ್ಮಾ ತಂದಿಟ್ಟ ಕಾಫಿ ಆರುತ್ತದೆ. ಕೊನೆಗೆ ಫೋನು. ಬಸ್ಸು ನಿಲ್ದಾಣದ ಗೇಟು ದಾಟುವಾಗ ಓಡಿ ಹೋಗಿ ಕೊಟ್ಟರಂತೆ.

ಹತ್ತೂಕಾಲಿಗೆ ಮತ್ತೆ ದಿವ್ಯ. ಪುಸ್ತಕ ಕೈಗೆ ಬಂದಿದೆ. ಆ ತುದಿಯಲ್ಲಿ ಹಾಳೆಯ ಮೇಲೆ ಬೆರಳು ಜಾರುವ ಸದ್ದು. ಬಸಮ್ಮ ಕಾಯುತ್ತಾರೆ.

“ಐದು ಅಕ್ಕ. ಸಂಪುಟ ದರ್ಜೆಯೋರು ಐದು.”

“ಎಣಿಸ್ದ್ಯಾ, ಯಾರಾದ್ರೂ ಹೇಳ್ಕೊಟ್ರಾ?”

“ನಾನೇ ಎಣಿಸ್ದೆ.”

“ಸರಿ ಕಣಮ್ಮ. ಓದ್ಕೊ.”

ಇಷ್ಟು ವರ್ಷದ ದುಡಿಮೆಗೆ ಏನಾದರೂ ಬಯಸುತ್ತೀರಾ ಎಂದು ಯಾರಾದರೂ ಕೇಳಿದರೆ ಬಸಮ್ಮನಿಗೆ ಆ ಪ್ರಶ್ನೆಯೇ ಅನಗತ್ಯ. ಅವರು ಕೈ ತೊಳೆದು ಬಂದು ಮುಂದಿನ ಪುಸ್ತಕದ ಮೊದಲ ಹಾಳೆ ಹರಡಿಕೊಳ್ಳುತ್ತಾರೆ.

“ಓದು ಸುಷ್ಮಾ. ಚಿತ್ರ ಇದ್ರೆ ಚಿತ್ರ ಅದೆ ಅಂತ್ಲೂ ಓದು.”