ಚೀಟಿಯಲ್ಲಿಲ್ಲದ ಪ್ರಶ್ನೆ

ಮಕ್ಕಳ ಗ್ರಾಮಸಭೆ ಎಂದರೆ ನಮ್ಮ ಶಾಲೆಯಲ್ಲಿ ಮೊದಲೇ ಬಾಯಿಪಾಠ ಮಾಡಿಸಿಟ್ಟ ಕಾರ್ಯಕ್ರಮ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯವರು ಶಾಲೆಯ ಅಂಗಳಕ್ಕೆ ಬಂದು ಕೂರುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬೇಕು ಬೇಡಗಳನ್ನು ಕೇಳುತ್ತಾರೆ. ಮಾಡಿಸಿಕೊಡುತ್ತೇವೆ ಎಂದು ಅವರು ಹೇಳುತ್ತಾರೆ. ಚಪ್ಪಾಳೆ, ಬಿಸ್ಕತ್ತು, ಫೋಟೊ, ಮುಗಿಯಿತು. ಆ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಹಂಚುತ್ತಿದ್ದವಳು ನಾನೇ, ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಮಕ್ಕಳು ತಡವರಿಸಬಾರದು, ಬಂದವರಿಗೆ ಮುಜುಗರ ಆಗಬಾರದು, ಅಷ್ಟೇ ನನ್ನ ಕಾಳಜಿ.

ನನ್ನ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ದಿನಾ ಬೆಳಿಗ್ಗೆ ಕಮಲಾಪುರದವರೆಗೆ ಒಂದು ಬಸ್ಸು, ಅಲ್ಲಿಂದ ಕಂಪ್ಲಿ ಕಡೆಗೆ ಹೋಗುವ ಇನ್ನೊಂದು ಬಸ್ಸು. ಶಾಲೆ ಇರುವ ಊರು ಬಾಳೆತೋಟಗಳ ನಡುವೆ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕೈದು ವರ್ಷ ಅಲ್ಲೇ ಪಾಠ ಮಾಡಿದ್ದೆ. ಆಮೇಲೆ ವರ್ಗವಾಗಿ ಬೇರೆ ಬೇರೆ ಊರು ಸುತ್ತಿ, ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಮೇಲೆ ಮುಖ್ಯೋಪಾಧ್ಯಾಯಿನಿಯಾಗಿ ಅದೇ ಶಾಲೆಗೆ ಮರಳಿದ್ದೆ.

ಕಳೆದ ವರ್ಷದ ಸಭೆ ನಡೆದದ್ದು ಸಂಕ್ರಾಂತಿ ಕಳೆದು ಕೆಲವು ದಿನಗಳ ಮೇಲೆ. ಅಂಗಳದಲ್ಲಿ ಶಾಮಿಯಾನ ಹಾಕಿಸಿದ್ದೆವು. ಮುಂದಿನ ಸಾಲಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಧ್ಯಕ್ಷೆ, ಅಧ್ಯಕ್ಷೆಯ ಗಂಡ. ಅಧ್ಯಕ್ಷೆ ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವರು. ಮಹಿಳಾ ಮೀಸಲಾತಿಯಲ್ಲಿ ಗೆದ್ದಿದ್ದರು. ಎಲ್ಲ ಕಡೆಯಂತೆ ಇಲ್ಲೂ ಮಾತು ಗಂಡನದು, ಸಹಿ ಹೆಂಡತಿಯದು. ನಾನು ಮರಳಿ ಬಂದ ಒಂದೂವರೆ ವರ್ಷದಲ್ಲಿ ಅವರ ಸಹಿಗಾಗಿ ಹತ್ತಾರು ಸಲ ಹೋಗಿದ್ದೆ. ಕಾಗದ ಕೊಡುತ್ತಿದ್ದದ್ದು ಗಂಡನ ಕೈಗೆ, ಮಾತಾಡುತ್ತಿದ್ದದ್ದು ಗಂಡನ ಜೊತೆ. ಅವರು ತಲೆಯ ಮೇಲೆ ಸೆರಗು ಹೊದ್ದು ಒಳಗಿನಿಂದ ಬಂದು, ಸಹಿ ಹಾಕಿ, ಮತ್ತೆ ಒಳಗೆ ಹೋಗುತ್ತಿದ್ದರು.

ಐದನೆಯ ಚೀಟಿ ಏಳನೇ ತರಗತಿಯ ಹುಡುಗಿಯೊಬ್ಬಳದು. ಅವಳ ಅಪ್ಪ ಬಾಳೆಗೊನೆಗಳನ್ನು ಲಾರಿಗೆ ತುಂಬುವ ಕೂಲಿಕಾರ. ಹಿಂದಿನ ವಾರವಷ್ಟೇ ಶಾಲೆಗೆ ಬಂದು ದೊಡ್ಡ ಮಗಳ ಮದುವೆಯ ಪತ್ರಿಕೆ ಕೊಟ್ಟು, ಸಣ್ಣವಳಿಗೆ ಒಂದು ವಾರ ರಜೆ ಕೇಳಿ ಹೋಗಿದ್ದ. ನಾನು ನಕ್ಕು, "ಅಕ್ಕನ ಮದುವೆಯಲ್ಲಿ ಚೆನ್ನಾಗಿ ಹೋಳಿಗೆ ತಿನ್ನು" ಎಂದು ಅವಳ ಬೆನ್ನು ತಟ್ಟಿದ್ದೆ. ಅವಳು ತಲೆಯಾಡಿಸಿದ್ದಳು.

ಹುಡುಗಿ ಎದ್ದು ಚೀಟಿ ಓದಿದಳು. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಸರಿಮಾಡಿಸಿಕೊಡಿ. ಅಧ್ಯಕ್ಷೆಯ ಗಂಡ ಮೈಕಿನಲ್ಲಿ, "ಇದೇ ವಾರ ಮಾಡಿಸ್ತೀವಿ" ಎಂದರು. ಚಪ್ಪಾಳೆಯಾಯಿತು. ಅವಳು ಕೂರಲಿಲ್ಲ.

"ಇನ್ನೊಂದು ಕೇಳಬೇಕ್ರಿ," ಎಂದಳು.

ನಾನು ಕಣ್ಣಲ್ಲೇ ಕೂರಲು ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ಮದಿವಿ ಆದ್ ಮ್ಯಾಲೆ ನಾನು ಪರೀಕ್ಷೆ ಬರಿಯಾಕ ಇಲ್ಲಿಗೇ ಬರಬೌದೇನ್ರಿ? ಇಲ್ಲಾ ಹೆಸರು ತಗದ್ ಬಿಡ್ತೀರಿ?"

ಹಿಂದೆ ಕೂತ ಹುಡುಗರು ಕಿಸಕ್ಕೆಂದರು. ನಾನು ಹತ್ತಿರ ಹೋಗಿ, "ಯಾರ ಮದುವೆ? ನಿಮ್ಮಕ್ಕನದಲ್ಲವಾ?" ಎಂದೆ.

"ಇಬ್ಬರ್ದೂ ಐತಿ ಟೀಚರ್. ಒಂದ ಚಪ್ಪರದಾಗ. ಅಕ್ಕನ ಹೆಸರು ಪತ್ರಿಕ್ಯಾಗ ಹಾಕಿಸ್ಯಾರ, ನಂದು ಹಾಕಿಸಿಲ್ಲ. ನನಗ ಮಾವನ ಜೋಡಿ."

ಮಾವ ಎಂದರೆ ಅವಳ ತಾಯಿಯ ತಮ್ಮ, ಯಶವಂತನಗರದಲ್ಲಿ ಗಣಿಯ ಲಾರಿ ಓಡಿಸುವವನು. ಶಾಲೆಗೆ ಒಂದೆರಡು ಸಲ ಅವಳನ್ನು ಬೈಕಿನಲ್ಲಿ ಬಿಟ್ಟುಹೋಗಿದ್ದನ್ನು ನಾನೇ ಕಂಡಿದ್ದೆ. ಅವಳ ದನಿಯಲ್ಲಿ ಅಳು ಇರಲಿಲ್ಲ, ದೂರೂ ಇರಲಿಲ್ಲ. ನಲ್ಲಿಯ ನೀರು ಕೇಳಿದಷ್ಟೇ ಸಹಜವಾಗಿ ಕೇಳಿದ್ದಳು. ನಾನು ಸ್ವತಃ ರಜೆ ಕೊಟ್ಟಿದ್ದೆ, ಅವಳದೇ ಮದುವೆಗೆ.

ಅಧ್ಯಕ್ಷೆಯ ಗಂಡ ಮೈಕು ಬಾಯಿಗೆ ಹಿಡಿದರು. "ಆತವ್ವ ಆತು, ಕುಂದ್ರು. ಅದು ಮನಿ ಮಾತು, ಇಲ್ಲಿ ಬ್ಯಾಡ. ಟೀಚರ್, ಮುಂದಿನ ಹುಡುಗನ್ನ ಎಬ್ಬಿಸ್ರಿ."

ಆಗ ಅಧ್ಯಕ್ಷೆ ಎದ್ದು ನಿಂತರು. ಗಂಡನ ಮುಂದೆ ಕೈ ಚಾಚಿದರು.

"ಮೈಕ್ ಕೊಡ್ರಿ."

"ಏನ್ ಮಾಡಾಕ?"

"ಮಾತಾಡಾಕ. ಆಕಿ ಕೇಳಿದ್ದು ಅಧ್ಯಕ್ಷರನ್ನ."

ಅಷ್ಟು ಜನರ ಮುಂದೆ ಅವರಿಗೆ ಕೊಡದೆ ಇರಲಾಗಲಿಲ್ಲ. ಅಧ್ಯಕ್ಷೆ ಹುಡುಗಿಯನ್ನು ಕೇಳಿದರು, "ಯಾವಾಗವ್ವ ಮದಿವಿ?"

"ಬರೋ ಸೋಮವಾರ."

"ಇದ ಸಾಲ್ಯಾಗ, ಇದ ಏಳನೇತ್ತಿ ಇದ್ದಾಗ ನನ್ನ ಮದಿವಿನೂ ಆತು," ಎಂದರು ಅಧ್ಯಕ್ಷೆ. "ಆಗ ಯಾರೂ ಬ್ಯಾಡ ಅನ್ಲಿಲ್ಲ. ಊರ ಮಂದಿ ಅನ್ಲಿಲ್ಲ. ಸಾಲಿ ಮಂದಿನೂ ಅನ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಬಂದಿದ್ರಿ ಟೀಚರ್. ನನ್ನ ಕೈಯಾಗ ಸ್ಟೀಲ್ ಡಬ್ಬಿ ಕೊಟ್ಟು, ಚೆನ್ನಾಗಿರು ಅಂದು, ಉಂಡು ಹೋದ್ರಿ."

ನಾನು ಅವರ ಮುಖವನ್ನು ಮೊದಲ ಸಲ ನೋಡಿದ್ದು ಆಗ. ಸೆರಗು ಭುಜಕ್ಕೆ ಜಾರಿತ್ತು. ಬಲ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು. ಶಾಲೆಯ ಮೆಟ್ಟಿಲಲ್ಲಿ ಜಾರಿಬಿದ್ದ ಹುಡುಗಿಯನ್ನು ಎತ್ತಿಕೊಂಡು ಹೋಗಿ ಆ ಗಾಯಕ್ಕೆ ಅರಿಸಿನ ಒತ್ತಿದ್ದವಳು ನಾನೇ. ಲೆಕ್ಕದಲ್ಲಿ ಚುರುಕು, ಹಾಡಿನಲ್ಲಿ ಎಲ್ಲರಿಗಿಂತ ಮುಂದು. ನಾನು ಪಾಠ ಮಾಡಿದ ಮೊಟ್ಟಮೊದಲ ತರಗತಿಯ ಹುಡುಗಿ. ಮದುವೆಗೆ ಹೋದದ್ದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಅವರಿಗೆ ಡಬ್ಬಿಯವರೆಗೆ ನೆನಪಿದ್ದದ್ದು ನನ್ನಲ್ಲಿ ಗುರುತೂ ಉಳಿಯದೆ ಅಳಿಸಿಹೋಗಿತ್ತು.

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. "ಅಧಿಕಾರಿಗಳ, ಏಳ್ರಿ. ಈಗ ಆಕಿ ಮನಿಗೆ ಹೋಗೂಣು," ಎಂದು ಮೈಕನ್ನು ಕುರ್ಚಿಯ ಮೇಲಿಟ್ಟು ನಡೆದರು. ಅಭಿವೃದ್ಧಿ ಅಧಿಕಾರಿ, ನಾನು, ಹುಡುಗಿ ಅವರ ಹಿಂದೆ ಹೊರಟೆವು. ಅಧ್ಯಕ್ಷೆಯ ಗಂಡ ಬೈಕು ಹತ್ತಿ ಬೇರೆ ದಾರಿ ಹಿಡಿದರು.

ಹುಡುಗಿಯ ಮನೆಯ ಮುಂದೆ ಚಪ್ಪರದ ಕಂಬ ನೆಟ್ಟಾಗಿತ್ತು. ಅವಳ ತಾಯಿ ಅಕ್ಕಿ ಕೇರುತ್ತ ಕೂತಿದ್ದವರು ನಮ್ಮನ್ನು ಕಂಡು ಮೊರವನ್ನು ಕೆಳಗಿಟ್ಟು ಗಾಬರಿಯಿಂದ ಎದ್ದರು. ತೋಟದಿಂದ ಅಪ್ಪನನ್ನು ಕರೆಸಿದೆವು. ಹೆಗಲ ಮೇಲೆ ಬಾಳೆಯ ಕಲೆ ಹತ್ತಿದ ಟವೆಲ್ಲು. ವಿಷಯ ತಿಳಿದದ್ದೇ ಮಗಳ ಕಡೆ ಒಂದು ಸಲ ದುರುಗುಟ್ಟಿ ನೋಡಿದ. ಅಧಿಕಾರಿ ಕಾನೂನು ಹೇಳಿದರು: ಹದಿನೆಂಟು ತುಂಬದೆ ಮದುವೆ ಮಾಡಿದರೆ ಅಪ್ಪನ ಮೇಲೆ, ವರನ ಮೇಲೆ, ಮಾಡಿಸಿದವರ ಮೇಲೆ ಕೇಸು. "ಊಟಕ್ಕ ಹೋದವರೂ ಸಿಕ್ಕೊಂತಾರ," ಎಂದೂ ಸೇರಿಸಿದರು. ಅದು ಆತನಿಗೆ ಹೇಳಿದ ಮಾತು. ಕೇಳಿಸಿಕೊಂಡವಳು ನಾನು.

ಅಪ್ಪ ಕಾನೂನಿಗೆ ಹೆದರಿದಂತೆ ಕಾಣಲಿಲ್ಲ. ಅಧ್ಯಕ್ಷೆಯ ಕಡೆ ತಿರುಗಿ ಕೈ ಮುಗಿದ. "ಅಕ್ಕಾರ, ನಾವೂ ನೀವೂ ಒಂದ ಓಣ್ಯಾಗ ಆಡಿದವ್ರು. ನಿಮ್ಮನ್ನೂ ಇದ ವಯಸ್ಸಿಗೆ ಕೊಟ್ರು. ಏನಾತ್ರಿ? ಚಲೋ ಅದೀರಿ, ಅಧ್ಯಕ್ಷರಾಗೀರಿ."

"ಏನಾತು ಅಂತ ಇಲ್ಲಿ ತನಕ ಯಾರೂ ಕೇಳಿರ್ಲಿಲ್ಲಪ್ಪ, ನೀನ ಮೊದಲ್ನೇಂವ," ಎಂದರು ಅಧ್ಯಕ್ಷೆ. ಚಪ್ಪರದ ಕಂಬಕ್ಕೆ ಒರಗಿ ನಿಂತರು. "ಹದ್ನಾಲ್ಕು ತುಂಬೋದ್ರಾಗ ಬಸುರಾದೆ. ಕೂಸು ಹೊಟ್ಯಾಗ ಸತ್ತಿತು. ಹೊಸಪೇಟಿ ದವಾಖಾನ್ಯಾಗ ನನಗೇನಾಗೈತಿ ಅಂತ ನನಗ ಹೇಳ್ಲಿಲ್ಲ, ಅತ್ತೀಗ ಹೇಳಿದ್ರು. ಮನಿಗೆ ಬಂದ ಮೂರನೇ ದಿನ ಹಿಟ್ಟು ನಾದಿದೆ. ಅದರ ಮುಂದಿನ ವರ್ಷ ಮತ್ತೊಂದು ಹಂಗ ಹೋತು. ಚಲೋ ಅದೀನಿ ಅಂತೀಯಲ್ಲ, ಇವತ್ತಿಗೂ ನಡಾ ಎತ್ತಿ ಒಂದು ಕೊಡ ನೀರು ಹೊರಾಕ ಆಗಂಗಿಲ್ಲ ನನಗ. ನಿನ್ ಮಗಳಿಗೂ ಹಿಂಗ ಚಲೋ ಆಗ್ಲೇನು?"

ಆತ ತಲೆ ತಗ್ಗಿಸಿದ. ಹುಡುಗಿಯ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಧಿಕಾರಿ ಮುಚ್ಚಳಿಕೆ ಬರೆದರು. ಹದಿನೆಂಟು ತುಂಬುವವರೆಗೆ ಮಗಳ ಮದುವೆ ಮಾಡುವುದಿಲ್ಲ ಎಂಬ ಆ ಕಾಗದಕ್ಕೆ ಅಪ್ಪ ಸಹಿ ಹಾಕಿದ.

ಹುಡುಗಿಗೆ ಸಮಾಧಾನವಾಗಿರಬೇಕು ಎಂದುಕೊಂಡು ನಾನು ಅವಳ ಹೆಗಲು ಮುಟ್ಟಲು ಹೋದೆ. ಅವಳು ಹಿಂದೆ ಸರಿದಳು. ಕಣ್ಣು ತುಂಬಿ ಬಂದಿತ್ತು.

"ನಾನು ಪರೀಕ್ಷೆದ್ದಷ್ಟ ಕೇಳಿದ್ನಿ ಟೀಚರ್. ಮದಿವಿ ಬ್ಯಾಡ ಅಂದಿದ್ನೇನು? ಅಪ್ಪಗ ಎಲ್ಲಾರ ಮುಂದ ಹಿಂಗ ಮಾಡಿಸಿದ್ರಲ್ಲ!"

ಆ ದಿನ ನನಗೆ ಬಿದ್ದ ಎರಡನೆಯ ಏಟು ಇದು. ಕಾಲುಂಗುರ, ಹಸಿರು ಬಳೆ, ಮಾವನ ಬೈಕು, ಇಷ್ಟೇ ಅವಳಿಗೆ ಗೊತ್ತಿದ್ದ ಮದುವೆ. ಅವಳಿಗೆ ಬೇರೆ ಏನನ್ನೂ ನಾವು ಯಾರೂ ಹೇಳಿರಲಿಲ್ಲ. ಬಾಲ್ಯವಿವಾಹ ತಡೆಯಿರಿ ಎಂದು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಅದು ತನಗೆ ಸಂಬಂಧಪಟ್ಟದ್ದು ಎಂದು ಆ ಮಗುವಿಗೆ ಅನ್ನಿಸಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಬೀರುವಿನಿಂದ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದೆ. ಗೆದ್ದಲು ಅರ್ಧ ತಿಂದಿತ್ತು. ಅಧ್ಯಕ್ಷೆಯ ಹೆಸರು ಸಿಕ್ಕಿತು. ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ದೀರ್ಘ ಗೈರು" ಎಂದು ಬರೆದಿತ್ತು. ಅಕ್ಷರ ನನ್ನದು. ಹಾಳೆ ತಿರುವಿದೆ. ಅದೇ ಎರಡು ಪದ ಇನ್ನೊಂದು ಹೆಸರಿನ ಮುಂದೆ, ಮುಂದಿನ ವರ್ಷದ ಪುಸ್ತಕದಲ್ಲಿ ಮತ್ತೂ ಒಂದರ ಮುಂದೆ. ಎಲ್ಲವೂ ಹೆಣ್ಣುಮಕ್ಕಳ ಹೆಸರು. ಅವರೆಲ್ಲ ಎಲ್ಲಿಗೆ ಹೋದರು ಎಂದು ನಾನು ಯಾವತ್ತಾದರೂ ಕೇಳಿದ್ದೆನೇ? ಪುಸ್ತಕ ಮುಚ್ಚಿ ಮಕ್ಕಳು ಬರುವವರೆಗೆ ಹಾಗೇ ಕೂತಿದ್ದೆ. ಪ್ರಾರ್ಥನೆಯ ಗಂಟೆ ಹೊಡೆದದ್ದು ನನಗೆ ಕೇಳಿಸಲಿಲ್ಲ, ಬಿಸಿಯೂಟದ ಅಡುಗೆಯಾಕೆ ಬಂದು ಕರೆದಳು.

ಅಕ್ಕನಿಗೆ ಹತ್ತೊಂಬತ್ತು ತುಂಬಿತ್ತು, ಸೋಮವಾರ ಅವಳ ಮದುವೆ ನಡೆಯಿತು. ಮುಚ್ಚಳಿಕೆ ಬರೆದುಕೊಟ್ಟು ಮುಹೂರ್ತಕ್ಕೆ ಸಣ್ಣವಳನ್ನೂ ಕೂರಿಸಿದ ಸಂಗತಿ ಬೇರೆ ಊರಲ್ಲಿ ಆಗಿತ್ತಂತೆ. ಹಾಗಾಗಿ ಅಧ್ಯಕ್ಷೆಯೂ ನಾನೂ ಬೆಳಿಗ್ಗೆಯೇ ಹೋಗಿ ಚಪ್ಪರದಲ್ಲಿ ಕೂತೆವು. ಯಾರೂ ನಮ್ಮ ಜೊತೆ ಮಾತಾಡಲಿಲ್ಲ. ಹುಡುಗಿಯ ಮಾವ ಹೊಸ ಅಂಗಿ ತೊಟ್ಟು ದೂರದಲ್ಲಿ ಮುಖ ಗಂಟು ಹಾಕಿಕೊಂಡು ನಿಂತಿದ್ದ. ಹುಡುಗಿ ಒಮ್ಮೆಯೂ ನಮ್ಮ ಕಡೆ ಬರಲಿಲ್ಲ. ವಾಲಗದ ಸದ್ದಿನ ನಡುವೆ ನಾನು ಅಧ್ಯಕ್ಷೆಯನ್ನು ಮೆಲ್ಲಗೆ ಕೇಳಿದೆ, "ಒಂದೂವರೆ ವರ್ಷ ನಿಮ್ಮ ಮನೆಗೆ ಓಡಾಡಿದೆನಲ್ಲ, 'ನಾನು ನಿಮ್ಮ ವಿದ್ಯಾರ್ಥಿನಿ' ಅಂತ ಒಂದು ಮಾತು ಹೇಳಬಾರದಿತ್ತೇ?"

"ಗುರ್ತು ಹಿಡೀತೀರಿ ಅಂತ ಕಾಯ್ದೆ ಟೀಚರ್," ಎಂದರು. ಸಿಟ್ಟಿಲ್ಲದೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನಿಗೆ ತಾಳಿ ಕಟ್ಟಿದ ಮೇಲೆ ನಮ್ಮನ್ನು ಊಟಕ್ಕೆ ಕರೆದರು. ಅಧ್ಯಕ್ಷೆ ಕೂತು ಉಂಡರು. ನಾನು ಎಲೆಯ ಮುಂದೆ ಕೂರಲಿಲ್ಲ.

ಹುಡುಗಿ ಹದಿನೈದು ದಿನ ಶಾಲೆಗೆ ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋದೆ, ಬಾಗಿಲು ತೆರೆಯಲಿಲ್ಲ. ಮಾವನ ಊರು ಯಶವಂತನಗರಕ್ಕೆ ಅವಳನ್ನು ಕಳಿಸಿಬಿಟ್ಟಿದ್ದಾರೆ ಎಂಬ ಸುದ್ದಿ ಎದ್ದಿತು. ಅಧ್ಯಕ್ಷೆ ಮತ್ತು ನಾನು ಆ ದಾರಿಯ ಸಂಡೂರಿನ ಬಸ್ಸು ಹತ್ತಿ ಹೋಗಿ ವಿಚಾರಿಸಿದೆವು. ಅಲ್ಲಿರಲಿಲ್ಲ. ಸುದ್ದಿ ಸುಳ್ಳು, ಅವಳು ಮನೆಯಲ್ಲೇ ಇದ್ದಳು. ಒಂದು ದಿನ ಅವಳ ತಾಯಿಯೇ ಅವಳನ್ನು ಕೈಹಿಡಿದು ಕರೆತಂದರು. "ಅವರಪ್ಪಗ ಗೊತ್ತಿಲ್ರಿ. ನಾ ಅದೀನಿ, ಕುಂದ್ರಿಸಿಕೊಳ್ರಿ," ಎಂದರು. ಸಭೆಯ ದಿನ ಆ ತಾಯಿ ಒಳಗೆ ಹೋಗಿ ಏನು ನೆನೆದು ಅತ್ತಿದ್ದರೋ, ಅವರಿಗೆ ಎಷ್ಟು ವಯಸ್ಸಿಗೆ ಮದುವೆಯಾಗಿತ್ತೋ. ಈ ಸಲ ಕೇಳಿದೆ. "ಹನ್ನೆರಡಕ್ಕ್ರಿ," ಎಂದು ಹೇಳಿ ಹೊರಟುಹೋದರು.

ಹುಡುಗಿ ಪರೀಕ್ಷೆ ಬರೆದಳು. ಈಗ ಎಂಟನೇ ತರಗತಿಗೆ ಕಮಲಾಪುರದ ಹೈಸ್ಕೂಲಿಗೆ ಹೋಗುತ್ತಾಳೆ. ಅಧ್ಯಕ್ಷೆಯ ಗಂಡ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾರೆ ಎಂದು ಊರು ಆಡಿಕೊಂಡಿತು. ಅಧ್ಯಕ್ಷೆ ಪಂಚಾಯಿತಿ ಕಚೇರಿಗೆ ಒಬ್ಬರೇ ನಡೆದು ಬರತೊಡಗಿದರು. ಕಾಗದಗಳನ್ನು ಓದಿ ಸಹಿ ಹಾಕುತ್ತಾರೆ. ನಾನು ಕಳಿಸಿದ ಒಂದು ಮನವಿಯಲ್ಲಿ ತಪ್ಪು ಹುಡುಕಿ ವಾಪಸ್ಸೂ ಕಳಿಸಿದರು. ಈ ವರ್ಷದ ಸಭೆಗೆ ನಾನು ಚೀಟಿ ಬರೆಯಲಿಲ್ಲ. ಮಕ್ಕಳು ಏನು ಕೇಳುತ್ತಾರೋ ಎಂಬ ಅಳುಕು ಇತ್ತು, ಆದರೂ ಬರೆಯಲಿಲ್ಲ.

ಬೆಳಗಿನ ಹೊತ್ತು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಊರಿನ ಬಸ್ಸಿಗೆ ಕಾಯುವಾಗ ಆ ಹುಡುಗಿ ಊರಿನಿಂದ ಬಂದ ಬಸ್ಸಿನಿಂದ ಇಳಿಯುತ್ತಾಳೆ. ಬಹಳ ತಿಂಗಳು ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಹೋದ ವಾರ ನನ್ನ ಮುಂದೆ ಬಂದು ನಿಂತಳು.

"ಟೀಚರ್, ನಮ್ಮ ಕ್ಲಾಸಿನಾಗ ಕಂಪ್ಲಿ ಕಡೆ ಊರಾಕಿ ಒಬ್ಬಾಕಿ ಅದಾಳ. ಎಂಟು ದಿನ ಆತು ಬಂದಿಲ್ಲ. ಯಾರಿಗ್ ಹೇಳ್ಬೇಕು?"

ನಾನು ಹತ್ತಬೇಕಿದ್ದ ಬಸ್ಸು ಬಿಟ್ಟೆ. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತೆವು. ಅವಳು ಆ ಹುಡುಗಿಯ ಊರು, ಮನೆ, ಅಪ್ಪನ ಕೆಲಸ ಎಲ್ಲ ಹೇಳಿದಳು. ನಾನು ಬರೆದುಕೊಂಡೆ.