ಗರುಡನಿಗೆ ಮೀನು

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಕಡೆ ದನದ ಡಾಕ್ಟರಾಗಿದ್ದೆ. ಹಸುವಿನ ಹೆರಿಗೆ, ಎತ್ತಿನ ಹೆಗಲ ಗಾಯ, ಕುರಿಗೆ ಜಂತಿನ ಔಷಧಿ, ಇಷ್ಟೇ ನನ್ನ ಲೋಕ. ಆದರೆ ಜನಕ್ಕೆ ಡಾಕ್ಟರೆಂದರೆ ಡಾಕ್ಟರೇ. ಕಬ್ಬು ಕಡಿಯುವಾಗ ಮಚ್ಚು ತಗುಲಿದ ಉಡ, ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಲು ಮುರಿದ ಮುಂಗುಸಿ, ಎಲ್ಲವೂ ಗೋಣಿಚೀಲದಲ್ಲಿ ನನ್ನ ಬಾಗಿಲಿಗೇ ಬರುತ್ತಿದ್ದವು. ಇಡಲು ಜಾಗವಿಲ್ಲ, ದನಗಳ ಗದ್ದಲಕ್ಕೆ ಹೆದರಿಯೇ ಅರ್ಧ ಸಾಯುತ್ತಿದ್ದವು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ತಂದವರ ಮೇಲೇ ರೇಗುತ್ತಿದ್ದೆ.

ಒಂದು ದಿನ ಕರೆಂಟಿನ ತಂತಿಗೆ ಬಡಿದು ರೆಕ್ಕೆ ಮುರಿದುಕೊಂಡ ಗರುಡ ಬಂತು. ಬಿಳಿ ಎದೆ, ಕಾವಿ ಬಣ್ಣದ ಮೈ. ಕೈಗೆತ್ತಿಕೊಂಡರೆ ಅರ್ಧ ಸೇರು ರಾಗಿಯಷ್ಟು ತೂಕವಿತ್ತೋ ಇಲ್ಲವೋ. ಮುರಿದ ಮೂಳೆಯ ಒಳಗೆ ಬರೀ ಟೊಳ್ಳು. ಎಮ್ಮೆಯ ಮೂಳೆ ನೋಡಿ ಪಳಗಿದ ಕಣ್ಣು ನನ್ನದು. ಇಷ್ಟು ಹಗುರದ ಜೀವ ಬೆಟ್ಟದ ಮೇಲಿನ ಗಾಳಿಯಲ್ಲಿ ಅಲುಗದೆ ನಿಲ್ಲುತ್ತದಲ್ಲಾ ಎಂದು ಬೆರಗಾಗಿ, ಪಟ್ಟಿ ಕಟ್ಟುವುದನ್ನೂ ಮರೆತು ನಿಂತುಬಿಟ್ಟೆ.

ಸುದ್ದಿ ಕೇಳಿ ಚಿನಕುರಳಿಯಿಂದ ಒಬ್ಬ ಅಜ್ಜಿ ಬಂದರು. ಅವರ ಆಲೆಮನೆ ಬೆಲ್ಲ ಕಾಯಿಸದೆ ಖಾಲಿ ಬಿದ್ದಿತ್ತು.

"ನಾರಾಯಣನ ವಾಹ್ನ ಇಂಗೆ ಕೊಟ್ಗೇಲಿ ಇರ್ಬಾರ್ದು ಕಣಪ್ಪ. ನಮ್ಮ ಆಲೆಮನೇಲಿ ಮಡಗು. ಆದ್ರೆ ಮೀನು ಮಾಂಸ ಒಳೀಕೆ ತರಂಗಿಲ್ಲ."

"ಅವ್ವಾ, ಅದು ತಿನ್ನೋದೇ ಅದನ್ನ."

"ನಾವು ತಿಂತೀವಿ. ದೇವ್ರು ತಿಂತದಾ?"

ಜಾಗದಾಸೆಗೆ ಹೂಂ ಎಂದುಬಿಟ್ಟೆ.

ಊರಿನವರು ಸಾಲುಗಟ್ಟಿ ಹಾಲು, ಬಾಳೆಹಣ್ಣು, ತುಳಸಿ ತಂದಿಟ್ಟರು. ಗರುಡ ಅತ್ತ ತಿರುಗಿಯೂ ನೋಡಲಿಲ್ಲ. ನಾನು ಕಳ್ಳನಂತೆ ಊಟದ ಡಬ್ಬಿಯಲ್ಲಿ ಮೀನು ಸಾಗಿಸಿದೆ. ಮೂರನೇ ದಿನ ನೆಲದ ಮೇಲಿದ್ದ ಮೀನಿನ ಹುರುಪೆ ಅಜ್ಜಿಯ ಕಣ್ಣಿಗೆ ಬಿತ್ತು. ಅವರು ಬೈದರು, ನಾನು ತಪ್ಪೊಪ್ಪಿಕೊಳ್ಳುವ ಬದಲು ತಿರುಗಿ ಕೂಗಾಡಿದೆ. ಆಲೆಮನೆಗೆ ಬೀಗ ಬಿತ್ತು. ಎರಡು ದಿನ ಅವರೇ ಒಳಗೆ ಹೋಗಿ ಹಾಲು ಇಟ್ಟು ಬಂದರು. ಕಿಟಕಿಯಿಂದ ಇಣುಕಿದರೆ ಹಕ್ಕಿ ತಲೆ ಎತ್ತುತ್ತಿರಲಿಲ್ಲ. ಇನ್ನೊಂದು ದಿನ ಕಳೆದರೆ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ಸಿಟ್ಟು ನುಂಗಿಕೊಂಡು ಅವರ ಜಗಲಿಗೆ ಹೋದೆ. "ಅವ್ವಾ, ತಪ್ಪಾಯ್ತು. ಒಂದು ಸಲ ತೊಣ್ಣೂರು ಕೆರೆಗೆ ಬನ್ನಿ. ಆಮೇಲೆ ನೀವು ಹೇಳಿದ ಹಾಗೆ." ಅಂದು ಶನಿವಾರ, ಅವರು ಒಂದೇ ಹೊತ್ತು ಉಣ್ಣುವ ಒಪ್ಪೊತ್ತಿನ ದಿನ. ಬರಿಹೊಟ್ಟೆಯಲ್ಲೇ ನನ್ನ ಸ್ಕೂಟರಿನ ಹಿಂದೆ ಕೂತರು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಬಂಡೆಗಳ ಕಡೆಯಿಂದ ಒಂದು ಗರುಡ ತೇಲಿ ಬಂತು, ರೆಕ್ಕೆ ಮಡಚಿ ಇಳಿಯಿತು, ನೀರು ಗೀರಿದಷ್ಟೇ ಸದ್ದು. ಉಗುರಿನಲ್ಲಿ ಮೀನು ಒದ್ದಾಡುತ್ತಿತ್ತು. ಹಾರುತ್ತಲೇ ಕಾಲು ಮುಂದೆ ಚಾಚಿ ಕಿತ್ತು ತಿಂದಿತು. ಎಷ್ಟೋ ಸಲ ಕಂಡಿದ್ದ ನನಗೇ ಮೈ ಜುಮ್ಮೆಂದಿತು. ಅಜ್ಜಿ ಏರಿಯ ಮೇಲೆ ಕುಸಿದು ಕೂತರು.

"ಎರಡು ದಿವ್ಸದಿಂದ ಅದ್ನ ಉಪಾಸ ಕೆಡವ್ಬುಟ್ನಲ್ಲಪ್ಪಾ, ಪಾಪಿ ನಾನು."

ಬಲೆ ಎಳೆಯುತ್ತಿದ್ದವನ ಹತ್ತಿರ ಅವರೇ ಮೀನು ಕೇಳಿ ಪಡೆದು, ಸೆರಗಿನಲ್ಲಿ ಕಟ್ಟಿಕೊಂಡರು. ಆಲೆಮನೆಯಲ್ಲಿ ಅವರು ಚಾಚಿದ ಮೀನನ್ನು ಗರುಡ ಮೊದಲು ದಿಟ್ಟಿಸಿತು, ಆಮೇಲೆ ಕಸಿದುಕೊಂಡಿತು. ನನ್ನ ಕಣ್ಣು ತುಂಬಿ ಬಂತು, ಏನೂ ಕಾಣಲಿಲ್ಲ.

ರೆಕ್ಕೆ ಕೂಡಿ, ಮತ್ತೆ ಬಲ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಆಲೆಮನೆಗೆ ಗರುಡನ ಆಸ್ಪತ್ರೆ ಅಂತ ಹೆಸರಾಯಿತು. ಅರಣ್ಯ ಇಲಾಖೆಯವರಿಂದ ಒಪ್ಪಿಗೆ ಬಂತು. ನಾಗಮಂಗಲದಿಂದ ಕಾಲು ಮುರಿದ ನವಿಲು ಬಸ್ಸಿನ ಮೇಲೆ ಬುಟ್ಟಿಯಲ್ಲಿ ಬಂತು, ಶ್ರೀರಂಗಪಟ್ಟಣದ ಹೊಳೆಯಿಂದ ಬಲೆಗೆ ಸಿಕ್ಕ ನೀರುನಾಯಿ, ಕೆ.ಆರ್.ಪೇಟೆಯ ಕಬ್ಬಿನ ಗದ್ದೆಯಿಂದ ಮಚ್ಚಿನೇಟು ತಿಂದ ಹೆಬ್ಬಾವು. ಆ ಹಾವಿನ ಮೈಗೆ ಹೊಲಿಗೆ ಹಾಕುವಾಗ ಚರ್ಮದ ಚಿತ್ತಾರಕ್ಕೆ ಬೆರಗಾಗಿ, ಅದು ಕೆಡದಂತೆ ಅಂಚಿಗೆ ಅಂಚು ಕೂಡಿಸಿದೆ. ಇವೆಲ್ಲವನ್ನೂ ಅಜ್ಜಿ ಗರುಡನ ಮುಖ ನೋಡಿ ಸಹಿಸಿದ್ದಾರೆ ಎಂದೇ ನನ್ನ ಎಣಿಕೆ. ಗರುಡ ಹಾರಿಹೋದ ದಿನ ನಮ್ಮ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂಬ ಅಳುಕು ಒಳಗೇ ಕೊರೆಯುತ್ತಿತ್ತು.

ಆ ದಿನವೂ ಬಂತು. ತೊಣ್ಣೂರು ಕೆರೆಯ ಏರಿಯ ಮೇಲೆ ಬುಟ್ಟಿ ತೆರೆದೆವು. ಗರುಡ ಒಂದು ಸಲ ಮೈ ಕೊಡವಿ ಎದ್ದು, ನೀರಿನ ಮೇಲೆ ಏರುತ್ತಾ ಏರುತ್ತಾ ಚುಕ್ಕಿಯಾಯಿತು. ಹಿಂತಿರುಗಿ ನೋಡಲಿಲ್ಲ.

"ಅವ್ವಾ, ನಿಮ್ಮ ದೇವರು ಹೋಯ್ತು. ಆಲೆಮನೆ ಖಾಲಿ ಮಾಡಿಕೊಡಲಾ?" ಎಂದೆ.

ಅಜ್ಜಿ ಆಕಾಶದಿಂದ ಕಣ್ಣು ತೆಗೆಯಲೇ ಇಲ್ಲ.

"ಆ ಹೆಬ್ಬಾವಿಗೆ ಇಲಿ ಸಾಕಾ, ಕೋಳೀನೇ ಬೇಕಾ? ಅದ್ನ ಯೋಳು ಮೊದ್ಲು."